ಮೊರೇರು ಇರಲೇ ಇಲ್ಲ, ಆದರೂ ಅವರ ಗುಡ್ಡ ಇದೆ

ಗಂಗಾವತಿ ಕಡೆಯ ಹಿರಿಯರನ್ನ ಯಾರನ್ನಾದರೂ ಕೇಳಿ, ಮೊರೇರು ಅಂದರೆ ಯಾರು ಅಂತ. ‘ಗಿಡ್ಡ ಮಂದಿರೀ, ಮೂರೇ ಗೇಣು ಇದ್ದರು. ಹಿರೇಬೆಣಕಲ್ ಗುಡ್ಡದ ಮ್ಯಾಲೆ ಕಲ್ಲಿನ ಮನಿ ಕಟಗೊಂಡು ಇದ್ದರು’ ಅನ್ನುತ್ತಾರೆ. ಆ ಮಾತಿನಲ್ಲಿ ಅನುಮಾನ ಇರುವುದಿಲ್ಲ. ಪಕ್ಕದ ಓಣಿಯವರ ಬಗ್ಗೆ ಹೇಳುವ ಹಾಗೆ ಹೇಳುತ್ತಾರೆ.

ಮೊರೇರು ಇರಲಿಲ್ಲ. ಮೂರು ಗೇಣಿನ ಜನಾಂಗ ನಮ್ಮ ನೆಲದಲ್ಲಿ ಯಾವತ್ತೂ ಬಾಳಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಮಕ್ಕಳಿಗೆ ಇದನ್ನ ಸ್ಪಷ್ಟವಾಗಿಯೇ ಹೇಳುತ್ತೇನೆ. ಆದರೆ ಅಷ್ಟು ಹೇಳಿ ಸುಮ್ನೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಇಲ್ಲದ ಜನರನ್ನ ಇಷ್ಟು ತಲೆಮಾರು ಯಾಕೆ ನೆನಪಿಟ್ಟುಕೊಂಡರು ಅನ್ನುವುದೂ ಒಂದು ದೊಡ್ಡ ಪ್ರಶ್ನೆ ಅಲ್ವಾ?

ಗುಡ್ಡ ನೋಡದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಹಿರೇಬೆಣಕಲ್ ಊರು ಕೊಪ್ಪಳ ಜಿಲ್ಲೆಯಲ್ಲಿದೆ, ಗಂಗಾವತಿಯಿಂದ ಹತ್ತು ಕಿಲೋಮೀಟರಿನಷ್ಟು ದೂರ. ಊರಿನ ಹತ್ತಿರ ಗಾಡಿ ಬಿಟ್ಟು ಬಂಡೆಗಳ ನಡುವೆ ಹತ್ತಬೇಕು. ದಾರಿಯಲ್ಲಿ ಬಂಡೆಯ ಮರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಕೈ ಕೈ ಹಿಡಿದು ಕುಣಿಯುವ ಜನ, ಬೇಟೆ, ಪ್ರಾಣಿಗಳು. ಮೇಲೆ ಹೋದರೆ ಒಮ್ಮೆಗೇ ಊರು ಕಂಡಂತಾಗುತ್ತದೆ. ಮೂರು ಕಡೆ ಗ್ರಾನೈಟ್ ಚಪ್ಪಡಿ ನಿಲ್ಲಿಸಿ, ನಾಲ್ಕನೆಯ ಕಡೆ ಕಿಂಡಿ ಕೊರೆದ ಚಪ್ಪಡಿ ಇಟ್ಟು, ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಮನೆಗಳು. ಕೆಲವು ಎಂಟು ಹತ್ತು ಅಡಿ ಎತ್ತರ ಇವೆ. ಚಿಕ್ಕ ದೊಡ್ಡವೆಲ್ಲ ಸೇರಿ ಸುಮಾರು 400 ರಚನೆಗಳು. ಕಾಲ ಕ್ರಿ.ಪೂ. 800ರಿಂದ 200ರ ನಡುವೆ ಅನ್ನುತ್ತಾರೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು.

ಆ ಕಿಂಡಿಯ ಬಗ್ಗೆ ನಿಧಾನವಾಗಿ ಹೇಳಬೇಕು, ಯಾಕೆಂದರೆ ಮೊರೇರು ಹುಟ್ಟಿದ್ದೇ ಅಲ್ಲಿಂದ ಅಂತ ನನಗೆ ಅನಿಸುತ್ತದೆ. ದುಂಡಗೆ ಕೊರೆದಿದ್ದಾರೆ. ಒಳಗಿನ ಅಂಚಿನ ಮೇಲೆ ಬೆರಳಾಡಿಸಿದರೆ ನುಣುಪಿಲ್ಲ, ಕುಟ್ಟಿ ಕುಟ್ಟಿ ತೆಗೆದ ಒರಟು ತಿಳಿಯುತ್ತದೆ. ಅಗಲ ಹೆಚ್ಚುಕಡಿಮೆ ಎರಡು ಅಡಿ. ದೊಡ್ಡವರು ತೂರಬೇಕೆಂದರೆ ಒಂದು ಭುಜ ಮೊದಲು ಹಾಕಿ, ಮೈ ತಿರುಗಿಸಿ, ಕಷ್ಟಪಡಬೇಕು. ಆರನೇ ಕ್ಲಾಸಿನ ಮಕ್ಕಳಿಗಾದರೆ ಸಲೀಸು.

ಈಗ ಲೆಕ್ಕ ಹಾಕಿ. ಒಂದು ಗೇಣು ಅಂದರೆ ಸುಮಾರು 9 ಇಂಚು. ಮೂರು ಗೇಣು ಅಂದರೆ ಎರಡೂಕಾಲು ಅಡಿ. ಎರಡೂಕಾಲು ಅಡಿಯ ಮನುಷ್ಯ ಎರಡು ಅಡಿಯ ಬಾಗಿಲಲ್ಲಿ ತಲೆ ಸ್ವಲ್ಪ ಬಗ್ಗಿಸಿ ಒಳಗೆ ಹೋಗುತ್ತಾನೆ. ನಮ್ಮ ಹಳ್ಳಿ ಮನೆಗಳ ಬಾಗಿಲೂ ಹೀಗೇ ತಲೆ ಬಗ್ಗಿಸುವಂಥವೇ. ಕಥೆ ಕಟ್ಟಿದವರು ಬಾಯಿಗೆ ಬಂದ ಸಂಖ್ಯೆ ಹೇಳಿರಲಿಕ್ಕಿಲ್ಲ. ಬಾಗಿಲು ನೋಡಿದರು, ಆ ಬಾಗಿಲಿಗೆ ಹೊಂದುವ ಆಳನ್ನ ಮನಸ್ಸಿನಲ್ಲೇ ಅಳೆದರು. ನನ್ನ ಮಟ್ಟಿಗೆ ಇದು ಗಟ್ಟಿ ತರ್ಕ. ಅವರು ಹಿಡಿದ ಒಂದೇ ಊಹೆ ಸರಿಯಿರಲಿಲ್ಲ. ಇವು ಬದುಕಿದ್ದವರ ಮನೆ ಅಂದುಕೊಂಡರು, ಆದರೆ ಕಟ್ಟಿದ್ದು ಸತ್ತವರಿಗೆ.

ನೆದರ್ಲೆಂಡ್ಸ್ ದೇಶದ ಡ್ರೆಂಟೆ ಪ್ರಾಂತ್ಯದಲ್ಲೂ ಇಂಥ ಕಲ್ಲಿನ ಸಮಾಧಿಗಳಿವೆ, ನಮ್ಮವಕ್ಕಿಂತ ಬಹಳ ಹಳೆಯವು. ಅಲ್ಲಿ ಯೋಹಾನ್ ಪಿಕಾರ್ಟ್ ಎಂಬ ಪಾದ್ರಿ 1660ರಲ್ಲಿ ಬರೆದ ಪುಸ್ತಕದಲ್ಲಿ ಇವನ್ನೆಲ್ಲ ಕಟ್ಟಿದವರು ದೈತ್ಯರು ಎಂದ. ಅಲ್ಲಿಯವರ ಕಣ್ಣು ಕಲ್ಲಿನ ಭಾರದ ಮೇಲೆ ಬಿತ್ತು, ದೈತ್ಯರು ಹುಟ್ಟಿದರು. ನಮ್ಮವರ ಕಣ್ಣು ಕಿಂಡಿಯ ಮೇಲೆ ಬಿತ್ತು, ಗಿಡ್ಡರು ಹುಟ್ಟಿದರು. ಕೇರಳದ ಮರಯೂರಿನವರು ಇಂಥವನ್ನೇ ಮುನಿಯರ ಅನ್ನುತ್ತಾರೆ, ಋಷಿಮುನಿಗಳು ಕೂತಿದ್ದ ಗವಿ ಎಂದು ಅವರ ನಂಬಿಕೆ. ಒಂದೇ ಬಗೆಯ ಕಲ್ಲು, ಒಂದೊಂದು ಕಡೆ ಒಂದೊಂದು ಜನ.

ನಮ್ಮ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಮೊರೇರಿಗೆ ಬಲ ಜಾಸ್ತಿ. ಗಿಡ್ಡಗಿದ್ದರೂ ಇಷ್ಟಗಲದ ಚಪ್ಪಡಿ ಇಬ್ಬರೇ ಎತ್ತುತ್ತಿದ್ದರಂತೆ. ಬೆಂಕಿ ಮಳೆ ಬರುತ್ತದೆ ಅಂತ ಮೊದಲೇ ಗೊತ್ತಾಗಿ ಕಲ್ಲಿನ ಮನೆ ಕಟ್ಟಿಕೊಂಡರಂತೆ. ಮಳೆ ಬಂತು, ಕಲ್ಲು ಕಾದು ಕೆಂಡವಾಯಿತು, ಒಳಗಿದ್ದವರೆಲ್ಲ ಸತ್ತರು. ಅಲ್ಲಿಗೆ ಕಥೆ ಮುಗಿಯುತ್ತಿತ್ತು. ‘ಆಮೇಲೆ?’ ಅಂದರೆ, ‘ಆಮ್ಯಾಲೇನು, ಅವರು ಹೋದರು, ನಾವು ಬಂದ್ವಿ’ ಅನ್ನುತ್ತಿದ್ದಳು. ಮನೆಯಲ್ಲಿ ಊಟ ಮಾಡದೆ ಹಟ ಹಿಡಿದ ಮಕ್ಕಳಿಗೆಲ್ಲ ‘ಮೊರೇರಂಗ ಆಗ್ತೀ ನೋಡು’ ಅನ್ನುವ ಬೈಗುಳ ಇತ್ತು.

ನನಗೆ ಆಶ್ಚರ್ಯ ಆಗುವುದು ಇನ್ನೊಂದು ವಿಷಯಕ್ಕೆ. ಈ ಸೀಮೆಯಲ್ಲಿ ದೊಡ್ಡ ಕಥೆಗಳಿಗೆ ಬರವಿಲ್ಲ. ಆನೆಗೊಂದಿ ಕಡೆ ಹೋದರೆ ಅಂಜನಾದ್ರಿ, ಪಂಪಾ ಸರೋವರ, ವಾಲಿ ಸುಗ್ರೀವರ ಕಿಷ್ಕಿಂಧೆ. ಬಂಡೆ ಬಂಡೆಗೂ ರಾಮಾಯಣ ಇದೆ. ಬೇರೆ ಕಡೆ ಎಷ್ಟೋ ಇಂಥ ಸಮಾಧಿಗಳನ್ನ ಪಾಂಡವರ ಹೆಸರಿಗೆ ಬರೆದದ್ದೂ ಇದೆ. ಹೀಗಿದ್ದೂ ಹಿರೇಬೆಣಕಲ್ಲಿನವರು ತಮ್ಮ ಗುಡ್ಡವನ್ನ ಯಾವ ದೊಡ್ಡವರಿಗೂ ಕೊಡಲಿಲ್ಲ. ಯಾವ ಪುರಾಣದಲ್ಲೂ ಇಲ್ಲದ ಗಿಡ್ಡ ಮಂದಿಗೆ ಕೊಟ್ಟರು. ನಾನು ಕೇಳಿದ ಕಥೆಗಳಲ್ಲಿ ಮೊರೇರಿಗೆ ರಾಜನಿಲ್ಲ, ಯುದ್ಧವಿಲ್ಲ, ಜಾತಿಯಿಲ್ಲ. ಕಲ್ಲು ಹೊರುವ ಕೆಲಸಗಾರರು ಅಷ್ಟೇ. ಕಟ್ಟಿದವರೂ ಹೆಚ್ಚುಕಡಿಮೆ ಅಂಥವರೇ ಅಲ್ವಾ? ಗುಡ್ಡದ ಮೇಲೆ ನೀರು ನಿಲ್ಲುವ ಒಂದು ಕೊಳ ಇದೆ. ಚಪ್ಪಡಿ ತೆಗೆದ ಜಾಗವೇ ಕೊಳವಾಯಿತು ಎಂದು ತಿಳಿದವರು ಹೇಳುತ್ತಾರೆ. ಇಲ್ಲಿನ ಬಂಡೆ ಪದರ ಪದರವಾಗಿ ಬಿಡುತ್ತದೆ. ಅದನ್ನ ಎಬ್ಬಿಸಿ, ಸಾಗಿಸಿ, ನಿಲ್ಲಿಸುವುದಕ್ಕೆ ಇಡೀ ಊರೇ ಕೈ ಹಾಕಿರಬೇಕು.

ಮೊರೇರ ಹೆಸರು ಇಲ್ಲಿಗಷ್ಟೇ ಸೀಮಿತವಲ್ಲ. ಐಹೊಳೆಯ ಮೇಗುತಿ ಗುಡ್ಡದ ಸಮಾಧಿಗಳಿಗೆ ಮೊರೇರ ಅಂಗಡಿ ಅನ್ನುತ್ತಾರೆ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್, ರಾಜನಕೋಳೂರಿನ ಕಲ್ಮನೆಗಳನ್ನ ಅಲ್ಲಿನ ಜನ ಮೊರಿಗಳ ಮನೆ ಅನ್ನುವುದನ್ನ ಹತ್ತೊಂಬತ್ತನೇ ಶತಮಾನದಲ್ಲೇ ಬರೆದಿಟ್ಟ. ಅಂದರೆ ಕೃಷ್ಣೆಯ ಆಚೆಗೂ ಈಚೆಗೂ ಜನರ ಬಾಯಲ್ಲಿ ಒಂದೇ ಜನಾಂಗ. ಬರೆದ ಪುಸ್ತಕ ಇಲ್ಲ, ಪೂಜೆ ಇಲ್ಲ, ಜಾತ್ರೆ ಇಲ್ಲ. ಕಲ್ಲು ಇದ್ದಲ್ಲೆಲ್ಲ ಕಥೆ ಇದೆ.

ಇತ್ತೀಚೆಗೆ ಇನ್ನೊಂದು ಮಾತು ಜೋರಾಗಿದೆ. ಮೊರೇರು ಅಂದರೆ ಮೌರ್ಯರು, ಅಶೋಕನ ಕಡೆಯವರು ಬಂದು ಕಟ್ಟಿಸಿದ್ದು, ಅಂತ. ‘ಮೌರ್ಯರ ಬೆಟ್ಟ’ ಎಂದೇ ಬರೆಯುತ್ತಾರೆ. ಆಸೆ ಅರ್ಥವಾಗುತ್ತದೆ. ಕೊಪ್ಪಳದಲ್ಲೇ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ. ಆದರೆ ಅಶೋಕ ಬಂದದ್ದು ಕ್ರಿ.ಪೂ. ಮೂರನೇ ಶತಮಾನದಲ್ಲಿ. ಆ ಹೊತ್ತಿಗಾಗಲೇ ನಮ್ಮವರು ಇಂಥ ಸಮಾಧಿ ಕಟ್ಟತೊಡಗಿ ನೂರಾರು ವರ್ಷ ಆಗಿತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವೂ ಇದೆ, ಕಿಂಡಿ ಇರುವ ಸಮಾಧಿಗಳೂ ಇವೆ. ಅಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಸಮಾಧಿಗಳಲ್ಲಿ ಸಿಕ್ಕಿದ್ದು ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಹತಾರ. ಇದೇ ನೆಲದ ಜನ, ಇಲ್ಲೇ ಸುಟ್ಟ ಮಡಕೆ. ಪಾಟಲಿಪುತ್ರದಿಂದ ಯಾರೂ ಬರಬೇಕಿರಲಿಲ್ಲ. ನಮ್ಮ ಗುಡ್ಡಕ್ಕೆ ಗೌರವ ಬರಲು ಚಕ್ರವರ್ತಿಯ ಹೆಸರು ಬೇಕು ಅನ್ನುವುದು ನನಗೆ ನೋವಿನ ಸಂಗತಿ. ಅನ್ಯಗ್ರಹದವರ ಕಥೆ ಹೇಳುವ ವಿಡಿಯೋಗಳ ಬಗ್ಗೆ ಬರೆಯಲೂ ಇಷ್ಟವಿಲ್ಲ. ಅಜ್ಜಿಯ ಮೊರೇರು ಕಿಂಡಿಯ ಅಳತೆಯಿಂದಾದರೂ ಹುಟ್ಟಿದವರು.

ಆದರೆ ಹಳೆಯ ಕಥೆಯಿಂದ ಒಳ್ಳೆಯದೇ ಆಯಿತು ಅಂತ ನಾನು ಹೇಳುವುದಿಲ್ಲ. ಹಳೆಯ ಜನ ಅಂದ ತಕ್ಷಣ ಚಿನ್ನ ಹೂತಿಟ್ಟಿದ್ದಾರೆ ಅನ್ನುವ ನಂಬಿಕೆ ಹಿಂದೆಯೇ ಬರುತ್ತದೆ. ನಿಧಿ ಆಸೆಗೆ ಅಗೆದು ಎಷ್ಟೋ ಕಲ್ಮನೆಗಳನ್ನ ಕೆಡವಿದ್ದಾರೆ. ಮಣ್ಣಿನ ಮಡಕೆ, ಕಬ್ಬಿಣ ಇಡುವ ಜಾಗದಲ್ಲಿ ಚಿನ್ನ ಹುಡುಕಿದರೆ ಏನು ಸಿಗುತ್ತದೆ? ಕೆಡವಿದ ಚಪ್ಪಡಿಯನ್ನ ಮತ್ತೆ ನಿಲ್ಲಿಸಿದರೂ ಒಳಗಿನ ಮಣ್ಣಿನ ಪದರ ಹಾಳಾದದ್ದು ಹಾಳಾದದ್ದೇ. ಆ ಮಣ್ಣಲ್ಲೇ ನಿಜವಾಗಿ ಕಟ್ಟಿದವರ ಸುದ್ದಿ ಇದ್ದದ್ದು. ಮೇಲಿರುವ ನಗಾರಿ ಗುಂಡನ್ನಂತೂ ಹೋದವರೆಲ್ಲ ಬಡಿಯುತ್ತಾರೆ. ದೊಡ್ಡ ಬಂಡೆಯ ಮೇಲೆ ಕೂತ ನಗಾರಿ ಆಕಾರದ ಗುಂಡು ಅದು, ಕಲ್ಲಿನಿಂದ ಹೊಡೆದರೆ ದೂರಕ್ಕೆ ಕೇಳುತ್ತದೆ. ದಯವಿಟ್ಟು ಬಡಿಯಬೇಡಿ. ನನ್ನ ಮಕ್ಕಳಿಗೂ ನಾನು ಬಿಡುವುದಿಲ್ಲ.

ಈ ವರ್ಷ ಶಾಲೆಯಲ್ಲಿ ಒಂದು ಕೆಲಸ ಶುರು ಮಾಡಿದ್ದೇವೆ. ಮಕ್ಕಳು ತಮ್ಮ ಮನೆಯ ಹಿರಿಯರಿಂದ ಮೊರೇರ ಕಥೆ ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದು ತರುತ್ತಿದ್ದಾರೆ. ಈವರೆಗೆ ಬಂದವುಗಳಲ್ಲಿ ಕೆಲವರ ಮೊರೇರು ಬೆಂಕಿ ಮಳೆಗೆ ಸತ್ತಿದ್ದಾರೆ, ಕೆಲವರ ಮೊರೇರು ಗುಡ್ಡದೊಳಗೆ ಇಳಿದು ಹೋಗಿದ್ದಾರೆ. ಒಬ್ಬ ಹುಡುಗಿಯ ಮುತ್ತಜ್ಜಿಯ ಪ್ರಕಾರ ಅವರು ಇರುವೆಗಳ ಜೊತೆ ಮಾತಾಡುತ್ತಿದ್ದರಂತೆ, ಇದನ್ನ ನಾನು ಎಲ್ಲೂ ಕೇಳಿರಲಿಲ್ಲ. ಕುಷ್ಟಗಿ, ಲಿಂಗಸುಗೂರು, ಬಾದಾಮಿ ಕಡೆಯವರು ಯಾರಾದರೂ ಇದನ್ನ ಓದುತ್ತಿದ್ದರೆ, ನಿಮ್ಮೂರ ಹತ್ತಿರ ಇಂಥ ಕಲ್ಲುಗಳಿದ್ದರೆ, ಮನೆಯಲ್ಲಿ ಕೇಳಿ ಬರೆದು ಕಳಿಸಿ. ಊರಿನ ಹೆಸರು, ಕಲ್ಲಿಗೆ ಕರೆಯುವ ಹೆಸರು, ಹೇಳಿದವರ ವಯಸ್ಸು, ಇಷ್ಟು ಇದ್ದರೆ ಸಾಕು. ಮುಖ್ಯವಾಗಿ ಗೇಣಿನ ಲೆಕ್ಕ ಕೇಳೋದು ಮರೆಯಬೇಡಿ. ನಿಮ್ಮ ಕಡೆಯ ಮೊರೇರೂ ಮೂರೇ ಗೇಣಾ, ಇಲ್ಲ ಅಲ್ಲಿನ ಕಿಂಡಿ ಬೇರೆ ಅಳತೆಯಾಗಿದ್ದರೆ ಅವರೂ ಎತ್ತರವೋ ಗಿಡ್ಡವೋ ಆಗಿದ್ದಾರಾ, ನೋಡಬೇಕು.