ಜ್ವರ ಬರುತ್ತದೆ ಎಂದು ಹೇಳಿಯೇ ಲಸಿಕೆ ಹಾಕಿದ ದಿನ

2021ರ ಜೂನ್ ತಿಂಗಳು, ಕಾರಹುಣ್ಣಿಮೆ ಮುಗಿದ ಮರುದಿನ. ಗದಗ ಜಿಲ್ಲೆಯ ಎರೆಭೂಮಿಯ ಒಂದು ಹಳ್ಳಿಗೆ ಕೋವಿಡ್ ಲಸಿಕೆಯ ತಂಡದ ಜೊತೆ ಹೋಗಿದ್ದೆ. ತಾಲ್ಲೂಕಿನಲ್ಲಿ ಆರೋಗ್ಯ ಶಿಕ್ಷಣದ ಹೊಣೆ ನನ್ನದಾಗಿದ್ದರಿಂದ ಕರಪತ್ರ ಹಂಚಿಸುವುದು, ಗೋಡೆಬರಹ ಬರೆಸುವುದು, ಆಟೊಗೆ ಮೈಕ್ ಕಟ್ಟಿ ಊರೂರಿಗೆ ಕಳಿಸುವುದು ಎಲ್ಲವೂ ನನ್ನ ಕೆಲಸವೇ ಆಗಿತ್ತು. 18 ವರ್ಷ ಮೇಲ್ಪಟ್ಟ ಎಲ್ಲರಿಗೂ ಕೇಂದ್ರದ ಲೆಕ್ಕದಲ್ಲೇ ಉಚಿತ ಲಸಿಕೆ ನೀಡುವ ವ್ಯವಸ್ಥೆ ಜೂನ್ 21ರಿಂದ ಜಾರಿಗೆ ಬಂದಿತ್ತು. ಆ ಹಳ್ಳಿಯಲ್ಲಂತೂ ಪಂಚಾಯಿತಿಯ ಕಸದ ಗಾಡಿಯಿಂದ ಹಿಡಿದು ಗುಡಿಯ ಮೈಕಿನವರೆಗೆ ಎಲ್ಲ ಕಡೆಯಿಂದಲೂ ಪ್ರಚಾರ ನಡೆದಿತ್ತು. ಆದರೂ ಹೊತ್ತು ಏರಿದಾಗ ಶಾಲೆಯ ಕೊಠಡಿಯಲ್ಲಿ ನಾಲ್ಕೈದು ಜನ ಮಾತ್ರ ಕುಳಿತಿದ್ದರು.

ಕೋವಿಶೀಲ್ಡ್ ಲಸಿಕೆಯ ಒಂದು ವಯಲ್‌ನಲ್ಲಿ, ಅಂದರೆ ಸಣ್ಣ ಸೀಸೆಯಲ್ಲಿ, ಹತ್ತು ಡೋಸ್ ಇರುತ್ತಿತ್ತು. ಒಬ್ಬರಿಗೆ ಅರ್ಧ ಎಂ.ಎಲ್. ಮುಚ್ಚಳ ಚುಚ್ಚಿದ ಮೇಲೆ ನಾಲ್ಕು ತಾಸಿನೊಳಗೆ ಅದನ್ನು ಮುಗಿಸಲೇಬೇಕಿತ್ತು, ಉಳಿದದ್ದನ್ನು ಚೆಲ್ಲಬೇಕಿತ್ತು. ಹೀಗಾಗಿ ಹತ್ತು ಜನ ಕೂಡುವವರೆಗೆ ವಯಲ್ ತೆರೆಯಲು ಸಿಸ್ಟರ್‌ಗೆ ಮನಸ್ಸು ಬರುತ್ತಿರಲಿಲ್ಲ; ಬಂದವರೋ ಕಾದು ಕಾದು ಎದ್ದು ಹೋಗುವ ಹಂತಕ್ಕೆ ಬಂದಿದ್ದರು. ಐಸ್ ಪ್ಯಾಕ್ ತುಂಬಿದ ನೀಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಸಿಸ್ಟರ್ ಬಾಗಿಲ ಕಡೆ ನೋಡುತ್ತ ಕುಳಿತಿದ್ದರು.

ಊರಿನ ಆಶಾ ಕಾರ್ಯಕರ್ತೆ ನನ್ನನ್ನು ಹನುಮಪ್ಪನ ಗುಡಿಯ ಕಟ್ಟೆಗೆ ಕರೆದೊಯ್ದರು. ಕಳೆ ತೆಗೆಯಲು ಹೊರಟಿದ್ದ ಹೆಣ್ಣುಮಕ್ಕಳು ಕುಡುಗೋಲು, ಬುತ್ತಿಗಂಟು ಹಿಡಿದು ಅಲ್ಲಿ ನಿಂತಿದ್ದರು, ಕಟ್ಟೆಯ ಮೇಲೆ ಹಿರಿಯರು ಕುಳಿತಿದ್ದರು. ನನ್ನ ಕೈಯಲ್ಲಿದ್ದ ಕರಪತ್ರದಲ್ಲಿ ಲಸಿಕೆ ಸಂಪೂರ್ಣ ಸುರಕ್ಷಿತ, ಯಾವುದೇ ಅಡ್ಡಪರಿಣಾಮವಿಲ್ಲ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ಓದಿಸಿಕೊಂಡ ಒಬ್ಬ ಅಜ್ಜಿ, ‘ಏನೂ ಆಗಂಗಿಲ್ಲ ಅಂತೀರಿ ಸಾಹೇಬ್ರ, ನನ್ನ ತಂಗಿ ಸೂಜಿ ಮಾಡಿಸ್ಕೊಂಡು ಎರಡು ದಿನ ಜ್ವರದಾಗ ಬಿದ್ದಿದ್ಲು. ಅದ್ಯಾಕ ಬರದಿಲ್ಲ ಇದರಾಗ?’ ಎಂದು ಕೇಳಿದರು.

ಆ ಪ್ರಶ್ನೆಯ ಹಿಂದೆ ಒಂದೂಕಾಲು ವರ್ಷದ ಕಥೆಯಿತ್ತು. 2020ರ ಮಾರ್ಚ್‌ನಲ್ಲಿ ಕಲಬುರಗಿಯ ಹಿರಿಯರೊಬ್ಬರ ಸಾವು ದೇಶದ ಮೊದಲ ಕೋವಿಡ್ ಸಾವೆಂದು ದಾಖಲಾದಂದಿನಿಂದ ನಮ್ಮ ಪ್ರಚಾರವೆಲ್ಲ ಜ್ವರದ ಸುತ್ತಲೇ ಸುತ್ತಿತ್ತು. ಫೋನ್ ಹಚ್ಚಿದರೆ ಮೊದಲು ಕೆಮ್ಮು ಕೇಳಿಸುತ್ತಿತ್ತು, ಆಮೇಲೆ ಎಚ್ಚರಿಕೆಯ ಮಾತು. ಜ್ವರ, ಕೆಮ್ಮು, ಉಸಿರಾಟದ ತೊಂದರೆ ಕಂಡರೆ ಕೂಡಲೇ ತಿಳಿಸಿ, ಆಪ್ತಮಿತ್ರ ಸಹಾಯವಾಣಿ 14410ಕ್ಕೆ ಕರೆ ಮಾಡಿ ಎಂದು ಹೇಳುತ್ತಿದ್ದೆವು. ರೋಗ ಹೊಸದಾಗಿದ್ದಾಗ ಅದು ಹೇಳಲೇಬೇಕಾದ ಮಾತಾಗಿತ್ತು ಎಂದು ನಾನು ಇಂದಿಗೂ ನಂಬುತ್ತೇನೆ. ಆದರೆ ಅದರ ಜೊತೆಯಲ್ಲೇ ಹೊರಗಿನಿಂದ ಬಂದವರ ಕೈಗೆ ಸೀಲ್ ಬಿತ್ತು, ಮನೆಯ ಬಾಗಿಲಿಗೆ ನೋಟಿಸ್ ಅಂಟಿತು, ಆಂಬುಲೆನ್ಸ್ ಬಂದು ನಿಂತಾಗ ಓಣಿಯೇ ಬಾಗಿಲು ಹಾಕಿಕೊಂಡಿತು. ಎರಡನೆಯ ಅಲೆಯಲ್ಲಿ, 2021ರ ಮೇ ತಿಂಗಳಿನಲ್ಲಿ, ಹಳ್ಳಿಗಳ ಸೋಂಕಿತರನ್ನು ಮನೆಯಲ್ಲಿ ಉಳಿಸದೆ ಕೋವಿಡ್ ಕೇರ್ ಸೆಂಟರ್‌ಗೆ ಸೇರಿಸಬೇಕೆಂದು ಸರ್ಕಾರ ಹೇಳಿತು. ಚಿಕ್ಕ ಮನೆಗಳಲ್ಲಿ ಒಬ್ಬರಿಂದ ಎಲ್ಲರಿಗೂ ಹರಡುವುದನ್ನು ಕಂಡವರಿಗೆ ಅದರ ಕಾರಣ ಅರ್ಥವಾಗುತ್ತದೆ. ಕಟ್ಟೆಯ ಮೇಲೆ ಕುಳಿತವರ ಲೆಕ್ಕ ಬೇರೆಯಿತ್ತು: ಲಸಿಕೆ ಹಾಕಿಸಿಕೊಂಡರೆ ಜ್ವರ ಬರುತ್ತದೆ, ಜ್ವರ ಬಂದರೆ ಗಂಟಲ ದ್ರವ ತೆಗೆಯುತ್ತಾರೆ, ಆಮೇಲೆ ಕರೆದೊಯ್ಯುತ್ತಾರೆ, ಮಿರಗದ ಮಳೆಗೆ ಬಿತ್ತಿದ ಹೆಸರು ಬೆಳೆಯಲ್ಲಿ ಕಳೆ ಎದ್ದಿರುವ ಹೊತ್ತಿನಲ್ಲಿ ಹೊಲ ನೋಡುವವರಿಲ್ಲ. ಇದನ್ನು ಮೌಢ್ಯವೆಂದು ಕರೆದ ವರದಿಗಳನ್ನು ನಾನು ಬಹಳ ಓದಿದ್ದೇನೆ, ಮತ್ತು ಪ್ರತಿ ಸಲವೂ ನನಗೆ ನೋವಾಗಿದೆ. ಜ್ವರಕ್ಕೆ ಹೆದರಿ ಎಂದು ಕಲಿಸಿದವರು ನಾವು, ಜನ ಅದನ್ನು ಚೆನ್ನಾಗಿಯೇ ಕಲಿತಿದ್ದರು.

ಅಜ್ಜಿಯ ಮಾತಿಗೆ ಉತ್ತರ ಕೊಟ್ಟವರು ಆಶಾ. ಅವರು ನನ್ನ ಕೈಯಿಂದ ಕರಪತ್ರ ತೆಗೆದುಕೊಂಡು ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಪಕ್ಕದಲ್ಲಿ ಮೊಮ್ಮಗುವನ್ನು ಎತ್ತಿಕೊಂಡು ನಿಂತಿದ್ದವರ ಕಡೆ ತಿರುಗಿ, ‘ಯಕ್ಕಾ, ಹೋದ ತಿಂಗಳ ಈ ಕೂಸಿಗೆ ಸೂಜಿ ಮಾಡಿಸಿದ್ವಿ, ರಾತ್ರಿ ಜ್ವರ ಬಂದಿತ್ತಿಲ್ಲ? ಏನ್ ಮಾಡಿದ್ರಿ?’ ಎಂದರು. ‘ನೀನ ಕೊಟ್ಟ ಔಷಧ ಹಾಕಿದ್ವಿ, ಮೈ ಒರೆಸಿದ್ವಿ, ಮರುದಿನ ಆಡಾಕತ್ತಿತು’ ಎಂದು ಆಕೆ ಹೇಳಿದರು. ‘ಇದೂ ಹಂಗ ರೀ’ ಎಂದು ಆಶಾ ಮಾತು ಮುಗಿಸಿದರು.

ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕುವ ಪೆಂಟಾ ಲಸಿಕೆಯ ಬಳಿಕ ಮಗುವಿಗೆ ಮೈ ಬಿಸಿಯಾಗುವುದು ಹಳ್ಳಿಯ ಪ್ರತಿ ತಾಯಿಗೂ ಗೊತ್ತು. ಯಾವ ಲಸಿಕೆ ಹಾಕಿದೆವು, ಅದರಿಂದ ಏನಾಗಬಹುದು ಮತ್ತು ಆದರೆ ಏನು ಮಾಡಬೇಕು, ಮುಂದಿನ ಸಲ ಯಾವಾಗ ಬರಬೇಕು, ಕಾರ್ಡನ್ನು ಜೋಪಾನವಾಗಿಡಿ ಎಂಬ ನಾಲ್ಕು ಮಾತುಗಳನ್ನು ಹೇಳದೆ ತಾಯಿಯನ್ನು ಮನೆಗೆ ಕಳಿಸಬಾರದು ಎಂಬುದು ನಮ್ಮ ಲಸಿಕಾ ಕಾರ್ಯಕ್ರಮದ ಹಳೆಯ ಪಾಠ. ಕೋವಿಡ್ ಪ್ರಚಾರ ಆ ತಿಳಿವಳಿಕೆಯ ಮೇಲೆಯೇ ನಿಲ್ಲಬಹುದಿತ್ತು. ಅದರ ಬದಲು ಹೊಸ ಘೋಷಣೆ, ಹೊಸ ಪೋಸ್ಟರ್‌ಗಳೊಂದಿಗೆ ಬಂದು, ಎರಡನೆಯ ಮಾತನ್ನೇ ಬಿಟ್ಟುಬಿಟ್ಟಿತು.

ಆಮೇಲೆ ನಾನೂ ಬಿಚ್ಚಿ ಹೇಳಿದೆ. ಜ್ವರ, ಮೈಕೈ ನೋವು ಬರಬಹುದು, ಹೆಚ್ಚಾಗಿ ಮೊದಲ ರಾತ್ರಿಯೇ ಬರುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಪ್ಯಾರಾಸಿಟಮಾಲ್ ಮಾತ್ರೆ ಆಶಾ ಅವರ ಕೈಯಲ್ಲಿರುತ್ತದೆ. ಆ ಒಂದೆರಡು ದಿನದ ಜ್ವರಕ್ಕಾಗಿ ಯಾರೂ ನಿಮ್ಮನ್ನು ಕರೆದೊಯ್ಯುವುದಿಲ್ಲ, ಮೂರನೆಯ ದಿನಕ್ಕೂ ಇಳಿಯದಿದ್ದರೆ ಮಾತ್ರ ಪರೀಕ್ಷೆ. ಅಪರೂಪದ ತೊಂದರೆಯನ್ನೂ ಮುಚ್ಚಿಡಲಿಲ್ಲ. ಲಸಿಕೆಯ ನಂತರ ರಕ್ತ ಹೆಪ್ಪುಗಟ್ಟಿದ ಪ್ರಕರಣಗಳು ಕೋವಿಶೀಲ್ಡ್‌ನಲ್ಲಿ 10 ಲಕ್ಷ ಡೋಸ್‌ಗೆ 0.61ರಷ್ಟು ಕಂಡುಬಂದಿವೆ ಎಂದು ಕೇಂದ್ರದ ಆರೋಗ್ಯ ಸಚಿವಾಲಯ ಮೇ 17ರಂದು ತಿಳಿಸಿತ್ತು. 20 ದಿನಗಳೊಳಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೈಕಾಲು ಊದಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಬರಬೇಕು ಎಂದೂ ಹೇಳಿತ್ತು. ಅದನ್ನು ಕೇಳಿದವರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ. ಹಾಗೆ ಹೇಳಿದ ಮೇಲೆಯೇ ಉಳಿದ ಪ್ರಶ್ನೆಗಳು ಹೊರಬಂದವು.

ಒಬ್ಬ ಯುವಕ ಮೊಬೈಲ್ ತೆಗೆದು, ಲಸಿಕೆ ಪಡೆದವರು ಎರಡು ವರ್ಷದಲ್ಲಿ ಸಾಯುತ್ತಾರೆಂದು ನೊಬೆಲ್ ಪಡೆದ ಫ್ರೆಂಚ್ ವಿಜ್ಞಾನಿಯ ಹೆಸರಿನಲ್ಲಿ ಹರಿದಾಡುತ್ತಿದ್ದ ಸಂದೇಶವನ್ನು ತೋರಿಸಿದ. ಅದು ಆತ ಆಡಿದ ಮಾತೇ ಅಲ್ಲ, ಸುಳ್ಳೆಂದು ಆಗಲೇ ಪತ್ತೆಯಾಗಿತ್ತು. ಅದನ್ನು ತಿಳಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಷ್ಟವಾದದ್ದು ಮತ್ತೊಬ್ಬರ ಪ್ರಶ್ನೆ. ಮೇ ತಿಂಗಳಲ್ಲಿ ಅವರ ಸಂಬಂಧಿಕರೊಬ್ಬರು ಲಸಿಕೆ ಪಡೆದು, ಕೆಲವು ದಿನಗಳಲ್ಲಿ ಜ್ವರ ಹೆಚ್ಚಾಗಿ ತೀರಿಕೊಂಡಿದ್ದರು. ಆ ತಿಂಗಳು ಸೋಂಕು ಊರೂರಿನಲ್ಲೂ ಇತ್ತು. ವೈರಸ್ ಒಳಹೊಕ್ಕ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಐದಾರು ದಿನ ಬೇಕು, ಲಸಿಕೆ ರಕ್ಷಣೆ ಕೊಡಲು ಎರಡು ಮೂರು ವಾರ ಬೇಕು. ಈ ನಡುವೆ ಸಿಕ್ಕಿಕೊಂಡವರಿಗೆ ರೋಗವೂ ಲಸಿಕೆಯೂ ಒಟ್ಟಿಗೆ ಬಂದಂತಾಯಿತು. ಹೀಗೆಯೇ ಆಗಿರಬಹುದು ಎಂದು ಹೇಳಬಲ್ಲೆನೇ ಹೊರತು ಅವರ ವಿಷಯದಲ್ಲಿ ಖಚಿತವಾಗಿ ಇದೇ ಕಾರಣ ಎಂದು ಹೇಳಲಾರೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರೂ ಇಷ್ಟು ಹೇಳಿರಲಿಲ್ಲ ಎಂದರು. ಅವರು ಅಂದು ಲಸಿಕೆ ಹಾಕಿಸಿಕೊಳ್ಳಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಹೆಣ್ಣುಮಕ್ಕಳ ಮಾತು ಕೂಲಿಗೆ ಬಂದು ನಿಂತಿತು. ಉದ್ಯೋಗ ಖಾತರಿಯ ದಿನಗೂಲಿ ಆ ವರ್ಷ 289 ರೂಪಾಯಿ ಇತ್ತು. ಎರಡು ದಿನ ಮಲಗಿದರೆ 578 ರೂಪಾಯಿ ಹೋಯಿತು, ಗಂಡ ಹೆಂಡತಿ ಇಬ್ಬರೂ ಮಲಗಿದರೆ ಅದರ ಎರಡರಷ್ಟು. ಉಚಿತ ಲಸಿಕೆ ಎಂದು ನಾವು ಮೈಕಿನಲ್ಲಿ ಕೂಗುತ್ತಿದ್ದುದಕ್ಕೆ ಅವರ ಮನೆಯಲ್ಲಿ ಈ ಬೆಲೆಯಿತ್ತು. ಇದಕ್ಕೆ ದಾರಿ ತೋರಿಸಿದವರು ಕಟ್ಟೆಯ ಮೇಲಿದ್ದ ಒಬ್ಬ ಹಿರಿಯರು: ‘ಐತಾರ ಮಧ್ಯಾಹ್ನದ ಮ್ಯಾಲೆ ಬರ್ರಿ. ಸ್ವಾಮಾರ ಎತ್ತು ಹೂಡಂಗಿಲ್ಲ, ಜ್ವರ ಬಂದ್ರ ಮಲಕೊಂತೀವಿ.’ ಬಸವಣ್ಣನ ವಾರವೆಂದು ಸೋಮವಾರ ಎತ್ತಿನ ಹೆಗಲಿಗೆ ನೊಗ ಏರಿಸದ ರೂಢಿ ನಮ್ಮ ಭಾಗದಲ್ಲಿ ಇಂದಿಗೂ ಇದೆ. ಶಿಬಿರದ ದಿನವನ್ನು ತಾಲ್ಲೂಕಿನ ಸಭೆಯಲ್ಲಿ ಲಸಿಕೆಯ ಸರಬರಾಜು ನೋಡಿ ಗೊತ್ತುಮಾಡುತ್ತಿದ್ದೆವು. ಎತ್ತಿನ ವಾರ ನೋಡಬೇಕೆಂದು ಆ ಸಭೆಯಲ್ಲಿ ಯಾರೂ ಹೇಳಿರಲಿಲ್ಲ.

ಅಂದು ಒಂದು ವಯಲ್ ಮಾತ್ರ ತೆರೆದೆವು. ಭಾನುವಾರ ಮತ್ತೆ ಹೋದಾಗ ಶಾಲೆಯ ಅಂಗಳದಲ್ಲಿ ಸಾಲು ನಿಂತಿತ್ತು, ಪೆಟ್ಟಿಗೆಯಲ್ಲಿ ಒಯ್ದ ವಯಲ್‌ಗಳೆಲ್ಲ ಸಂಜೆಯೊಳಗೆ ಖಾಲಿಯಾದವು. ಅರ್ಧ ಗಂಟೆ ಕುಳಿತು ಏಳುವ ಪ್ರತಿಯೊಬ್ಬರ ಕೈಗೂ ಆಶಾ ನಾಲ್ಕು ಮಾತ್ರೆ ಮತ್ತು ತಮ್ಮ ಫೋನ್ ನಂಬರ್ ಬರೆದ ಚೀಟಿ ಕೊಟ್ಟರು. ಆ ರಾತ್ರಿ ಅವರಿಗೆ ಬೆಳಗಿನ ಜಾವದವರೆಗೂ ಕರೆಗಳು ಬಂದವು. ಹೆಚ್ಚಿನವರು ಕೇಳಿದ್ದು ಒಂದೇ: ಜ್ವರ ಬಂದಿದೆ, ನೀವು ಹೇಳಿದ ಜ್ವರ ಇದೇ ಅಲ್ಲವೇ? ಹೌದು ಎಂದು ಹೇಳುವ ಧ್ವನಿ ಆ ಹೊತ್ತಿನಲ್ಲಿ ಸಿಕ್ಕಿದ್ದರಿಂದಲೇ ಮರುವಾರ ಅವರ ನೆರೆಹೊರೆಯವರು ಬಂದರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ತಿಂಗಳ ವರದಿಯಲ್ಲಿ ಪ್ರಚಾರ ಸಾಮಗ್ರಿಯ ಬೇಡಿಕೆ ಬರೆಯುವಾಗ ಕರಪತ್ರ, ಬ್ಯಾನರ್‌ಗಳ ಕೆಳಗೆ ಪ್ಯಾರಾಸಿಟಮಾಲ್ ಮಾತ್ರೆಯನ್ನೂ ಆಶಾ ಅವರ ಫೋನ್ ಖರ್ಚನ್ನೂ ಸೇರಿಸಿದೆ. ಮಾತ್ರೆಯನ್ನು ಔಷಧದ ಪಟ್ಟಿಗೆ ಹಾಕಿ ಎಂಬ ಸೂಚನೆಯೊಂದಿಗೆ ಅದು ಹಿಂದಿರುಗಿತು. ಫೋನ್ ಖರ್ಚಿಗೆ ಯಾವ ಪಟ್ಟಿಯಲ್ಲೂ ಕಾಲಂ ಇರಲಿಲ್ಲ. ಎರಡನೆಯ ಡೋಸ್‌ಗೆ 84 ದಿನಗಳ ಅಂತರವಿತ್ತು. ಆ ಹೊತ್ತಿಗೆ ಕಾಲಂ ಬೇಕೇಬೇಕು ಎಂದು ವರದಿಯನ್ನು ಮತ್ತೊಮ್ಮೆ ಬರೆದು ಕಳಿಸಿದೆ.