ಬೇಳೆ ಉಕ್ಕಿದ್ದನ್ನು ಅಮ್ಮ ಹನುಮಂತನಗರದಿಂದ ನೋಡಿದಳು

ಯುಗಾದಿ ದಿನ ನಾವು ಮನೆಯಾಚೆ ಸಿಕ್ಕಿಕೊಂಡ ಕತೆಯನ್ನು ಅಮ್ಮ ಬೆಂಗಳೂರಿನ ಹನುಮಂತನಗರದ ನಮ್ಮ ಬೀದಿಗೆಲ್ಲ ಹೇಳಿ ಮುಗಿಸಿದ್ದಾಳೆ. ಅವಳ ಪ್ರಕಾರ ನಾವು ಹಿಮದಲ್ಲಿ 2 ಗಂಟೆ ನಿಂತಿದ್ದೆವು. ಊರಿಗೆ ಬಂದಾಗ ಸೊಪ್ಪಿನವಳೂ ಕೇಳಿದಳು, "ಮಂಜುಗಡ್ಡೆಲಿ ನಿಂತಿದ್ರಂತಲ್ಲಕ್ಕಾ" ಅಂತ. ಹಿಮ ಇರಲೇ ಇಲ್ಲ. ನಿಂತಿದ್ದು ಮೂರನೇ ಮಹಡಿಯ ಮೆಟ್ಟಿಲ ಹತ್ತಿರ, ಅದೂ ಒಟ್ಟು 50 ನಿಮಿಷ.

2025ರ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ನಾವಿರುವ ಜರ್ಮನಿಯ ಮ್ಯೂನಿಕ್‌ನಲ್ಲಿ ಹಬ್ಬ ಭಾನುವಾರ ಬಂದರೆ ಅದೇ ಪುಣ್ಯ, ಇಲ್ಲದಿದ್ದರೆ ಆಫೀಸಿಂದ ಬಂದು ರಾತ್ರಿ ಬೇವು ಬೆಲ್ಲ ತಿನ್ನಬೇಕು. ಆದರೆ ಅವತ್ತೇ ನಡುರಾತ್ರಿ ಕಳೆದ ಮೇಲೆ ಅಲ್ಲಿ ಗಡಿಯಾರ 1 ಗಂಟೆ ಮುಂದಕ್ಕೆ ಹೋಗುವುದಿತ್ತು. ಬೆಂಗಳೂರಿಗೂ ನಮಗೂ ಹಿಂದಿನ ದಿನ ನಾಲ್ಕೂವರೆ ಗಂಟೆ ವ್ಯತ್ಯಾಸ, ಬೆಳಗಾಗುವಷ್ಟರಲ್ಲಿ ಮೂರೂವರೆ. ಫೋನು ತಾನೇ ಬದಲಾಯಿಸಿಕೊಳ್ಳುತ್ತದೆ, ಗೋಡೆಯ ಗಡಿಯಾರಕ್ಕೆ ಅದೆಲ್ಲ ಗೊತ್ತಾಗಲ್ಲ. ನಮ್ಮನೆಯವರು ಅದನ್ನೇ ನೋಡಿಕೊಂಡು, ಎಣ್ಣೆ ಸ್ನಾನ ಮುಗಿಸಿ, ಪಂಚೆ ಉಟ್ಟು ಆರಾಮಾಗಿ ಕಾಫಿ ಕುಡಿಯುತ್ತಿದ್ದರು. ಅಮ್ಮ ವಿಡಿಯೋ ಕಾಲ್ ಮಾಡಿದಾಗಲೇ ನಮಗೆ ಹೊತ್ತಾಗಿದ್ದು ಗೊತ್ತಾಗಿದ್ದು. ಊಟಕ್ಕೆ ಮೂರು ಸಂಸಾರ ಬರುವುದಿತ್ತು.

ಗಡಿಬಿಡಿಯಲ್ಲಿ ಬೇಳೆ ಒಲೆಗಿಟ್ಟೆ. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಒಲೆಯ ಕಡೆ ತಿರುಗಿಸಿದೆ, ಒಬ್ಬಟ್ಟಿನ ಬೇಳೆ ಎಷ್ಟು ಬೆಂದರೆ ಸಾಕು ಅಂತ ಅಮ್ಮನೇ ಹೇಳಬೇಕು. ಹಿಸುಕಿದರೆ ಮುರಿಯಬೇಕು, ಕರಗಬಾರದು. ಬೇಯಲಿ, ಅಷ್ಟರಲ್ಲಿ ತೋರಣ ಕಟ್ಟೋಣ ಅಂತ ಇಬ್ಬರೂ ಬಾಗಿಲ ಹೊರಗೆ ಹೋದೆವು. ಗಾಂಧಿ ಬಜಾರಿನಲ್ಲಿ ಕೊಂಡ ಬಟ್ಟೆಯ ತೋರಣ. ಅವರು ಸ್ಟೂಲ್ ಮೇಲೆ, ನಾನು ಸ್ಟೂಲ್ ಹಿಡಿದುಕೊಂಡು. ಆವಿ ಹೋಗಲಿ ಅಂತ ಅಡುಗೆಮನೆ ಕಿಟಕಿ ತೆಗೆದಿದ್ದೆ, ಗಾಳಿ ಬೀಸಿತು, ಬಾಗಿಲು ಧಡ್ ಅಂತ ಹಾಕಿಕೊಂಡಿತು.

ಅಲ್ಲಿನ ಬಾಗಿಲು ಗೊತ್ತಲ್ವಾ? ಹೊರಗಡೆ ತಿರುಗಿಸುವ ಹಿಡಿಯೇ ಇರುವುದಿಲ್ಲ, ಬರೀ ಒಂದು ಗುಂಡು. ಹಾಕಿಕೊಂಡರೆ ಮುಗೀತು, ಕೀ ಬೇಕೇ ಬೇಕು. ಕೀ ಒಳಗೆ, ಫೋನ್ ಒಳಗೆ, ಬೇಳೆ ಒಳಗೆ. ಭಾನುವಾರ ಬೀಗ ತೆಗೆಯುವವರನ್ನು ಕರೆಸಿದರೆ ಮಾಮೂಲಿಗಿಂತ ಜಾಸ್ತಿ ಕೇಳುತ್ತಾರೆ.

ಒಳಗಿಂದ ಅಮ್ಮನ ದನಿ ಬಂತು. "ಉಕ್ತಾ ಇದೆ ಕಣೇ! ಎಲ್ಲಿ ಸತ್ರೇ ಇಬ್ರೂ?" ಅಳಿಯಂದಿರ ಮುಂದೆ ಎಂದೂ ಹೀಗೆ ಮಾತಾಡಿದವಳಲ್ಲ. ನಾನು ಬಾಗಿಲಿಗೆ ಬಾಯಿಟ್ಟು, ಬಾಗಿಲು ಹಾಕಿಕೊಂಡಿದೆ, ತಮ್ಮನಿಗೆ ಫೋನ್ ಮಾಡು ಅಂತ ಕಿರುಚಿದೆ. ನಮ್ಮ ಇನ್ನೊಂದು ಕೀ ಅವನ ಹತ್ತಿರ ಇತ್ತು. ಅವನು ಅದೇ ಊರಲ್ಲಿ, ಮೆಟ್ರೋದಲ್ಲಿ ಅರ್ಧ ಗಂಟೆ ದೂರ. ಅಮ್ಮ ನನ್ನ ಕಾಲ್ ಕಟ್ ಮಾಡದೆ ಅಪ್ಪನ ಫೋನಿಂದ ಅವನನ್ನು ಎಬ್ಬಿಸಿದಳು.

ಸದ್ದಿಗೆ ಪಕ್ಕದ ಮನೆಯ ಟರ್ಕಿ ಅಜ್ಜಿ ಹೊರಗೆ ಬಂದರು. ಹೊಸ ಬಟ್ಟೆ ಹಾಕಿಕೊಂಡಿದ್ದರು. ರಂಜಾನ್ ಮುಗಿದು ಅವತ್ತೇ ಅವರಿಗೂ ಹಬ್ಬ! ಪಂಚೆ ಉಟ್ಟು ಬರಿಗಾಲಲ್ಲಿ ನಿಂತಿದ್ದ ನಮ್ಮನೆಯವರಿಗೆ ಮೊಮ್ಮಗಳ ಗುಲಾಬಿ ಚಪ್ಪಲಿ ಕೊಟ್ಟರು. ಪುಟ್ಟ ಗ್ಲಾಸಿನಲ್ಲಿ ಚಹಾ, ತಟ್ಟೆಯಲ್ಲಿ ಬಕ್ಲಾವಾ. ಹಬ್ಬದ ದಿನ ಬೇಡ ಅನ್ನುವುದು ಹೇಗೆ? ಬೇವು ಬೆಲ್ಲಕ್ಕಿಂತ ಮೊದಲು ಬಕ್ಲಾವಾ ತಿಂದಿದ್ದು ಅಮ್ಮನಿಗೆ ಇನ್ನೂ ಗೊತ್ತಿಲ್ಲ.

ಇನ್ನೊಂದು ಭಯ ಇತ್ತು. ಒಳಗಡೆಯಿಂದ ಬೀಗಕ್ಕೆ ಕೀ ಸಿಕ್ಕಿಸಿಟ್ಟಿದ್ದರೆ, ಹೊರಗಿನಿಂದ ಇನ್ನೊಂದು ಕೀ ಹಾಕಿದರೂ ಅಲ್ಲಿನ ಎಷ್ಟೋ ಬೀಗ ತಿರುಗುವುದಿಲ್ಲ. ಸಿಕ್ಕಿಸಿದ್ದೆವಾ, ಮೊಳೆಗೆ ನೇತುಹಾಕಿದ್ದೆವಾ? "ನೀನೇ ಕೊನೇಲಿ ತೆಗೆದಿದ್ದು" ಅಂತ ಅವರು, "ಇಲ್ಲ ನೀವೇ" ಅಂತ ನಾನು. ಜಗಳ ಸಣ್ಣ ದನಿಯಲ್ಲಿ, ಅಜ್ಜಿಗೆ ಕನ್ನಡ ಬರದಿದ್ದರೂ.

ತಮ್ಮ ನೈಟ್ ಪ್ಯಾಂಟಿನಲ್ಲೇ ಬಂದ. "ಭಾವ, ಚಪ್ಪಲಿ ಚೆನ್ನಾಗಿದೆ" ಅಂದ. ಕೀ ತಿರುಗಿತು.

ಒಳಗೆ ನೋಡಿದರೆ ಒಲೆ ತಾನೇ ಆರಿತ್ತು. ಮುಟ್ಟಿ ಹಚ್ಚುವ ಒಲೆ ಅದು, ಗುಂಡಿಗಳ ಮೇಲೆ ನೀರು ಚೆಲ್ಲಿದರೆ ಕೀಂ ಕೀಂ ಅಂದು ಆಫ್ ಆಗುತ್ತದೆ. ಅಮ್ಮ ಇನ್ನೂ ಫೋನಿನಲ್ಲೇ ಇದ್ದಳು. ಪೂಜೆ ಮುಗಿಸಿ ಊಟಕ್ಕೆ ಕೂರುವ ಹೊತ್ತು, ಅವಳು 50 ನಿಮಿಷ ನಮ್ಮ ಆರಿದ ಒಲೆಯನ್ನೇ ಕಾಯುತ್ತ ಕೂತಿದ್ದಳು. ಪಕ್ಕದಲ್ಲಿ ಅಪ್ಪ, "ಯುಗಾದಿ ದಿನ ಆಚೆ ನಿಂತರೆ ವರ್ಷವೆಲ್ಲ ಆಚೆನೇ" ಅಂತ ನಗುತ್ತಿದ್ದರು.

ನೆಲ ಒರೆಸಿದ್ದು ತಮ್ಮ. ಹೂರಣ ರುಬ್ಬಿದ್ದು ನಮ್ಮನೆಯವರು, ಅದು ಸ್ವಲ್ಪ ತರಿತರಿ ಆಯಿತು. ಆದರೆ ಕಣಕ ಜಾಸ್ತಿ ಹೊತ್ತು ನೆನೆದು ಎಷ್ಟು ಮೆತ್ತಗಾಗಿತ್ತು ಅಂದರೆ, ಒಬ್ಬಟ್ಟು ಒಂದೂ ಹರಿಯಲಿಲ್ಲ. ಮೊದಲ ನಾಲ್ಕು ಅಜ್ಜಿಯ ಮನೆಗೆ ಹೋದವು, ಜೊತೆಗೆ ಗುಲಾಬಿ ಚಪ್ಪಲಿ.

ಬೇಳೆ ಕಟ್ಟೆಲ್ಲ ಒಲೆ ಮೇಲೆ ಚೆಲ್ಲಿಹೋಗಿತ್ತಲ್ಲ, ಹಾಗಾಗಿ ಒಬ್ಬಟ್ಟಿನ ಸಾರು ಇಲ್ಲ. ತಮ್ಮನ ಮುಖ ನೋಡಬೇಕಿತ್ತು. ಅಮ್ಮ ಅವಳ ತಟ್ಟೆಯ ಸಾರನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದ್ದು ಬೇರೆ. ಸೋಮವಾರ ಸಂಜೆ ಬರೀ ಸಾರಿಗೋಸ್ಕರ ಮತ್ತೆ ಬೇಳೆ ಬೇಯಿಸಿದೆ. ಅವನು ಆಫೀಸಿಂದ ಸೀದಾ ಬಂದ, ಮೂರು ಸಲ ಅನ್ನ ಹಾಕಿಸಿಕೊಂಡ, ಕೀ ನಮ್ಮ ಮೇಜಿನ ಮೇಲೇ ಮರೆತು ಹೋದ.