ಚೀನಾದಲ್ಲಿ ಯಾವ ಊರು?

ನಮ್ಮ ಟೀಮಿನಲ್ಲಿ ಚೀನೀ ಮೂಲದ ಹುಡುಗಿಯೊಬ್ಬಳಿದ್ದಾಳೆ. ಹುಟ್ಟಿ ಬೆಳೆದದ್ದೆಲ್ಲ ಕ್ಯಾಲಿಫೋರ್ನಿಯಾದಲ್ಲೇ. ಇವತ್ತು ಮೀಟಿಂಗ್ ಮುಗಿದ ಮೇಲೆ ಹೊಸ ಮ್ಯಾನೇಜರ್ "ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆ!" ಅಂದ. "ನಿಮ್ಮದೂ" ಅಂದಳು, ನಗುತ್ತಲೇ. (ನನ್ನ ಬೆಂಗಳೂರು ಇಂಗ್ಲಿಷನ್ನು ಇದುವರೆಗೆ ಯಾರೂ ಹೊಗಳಿಲ್ಲ, ಆ ಮಾತು ಬಿಡಿ.)

ಮನೆಗೆ ಬರುತ್ತಾ ಚೀನೀ ಮೂಲದ ಹಾಲಿವುಡ್ ನಟಿ ಆನಾ ಮೇ ವಾಂಗ್ ನೆನಪಾದಳು. 1905ರಲ್ಲಿ ಲಾಸ್ ಏಂಜಲಿಸ್‌ನಲ್ಲೇ ಹುಟ್ಟಿದವಳು, ಅಪ್ಪನದು ಲಾಂಡ್ರಿ. ಹಾಲಿವುಡ್ ಆಕೆಗೆ ಕೊಡುತ್ತಿದ್ದದ್ದು ಒಂದೋ ವಂಚಕಿಯ ಪಾತ್ರ, ಇಲ್ಲವೇ ಕೊನೆಗೆ ಸಾಯುವ ಪಾಪದ ಹೆಣ್ಣು. 1937ರ 'ದಿ ಗುಡ್ ಅರ್ತ್' ಚಿತ್ರದಲ್ಲಿ ಚೀನೀ ರೈತನ ಹೆಂಡತಿಯಾದದ್ದು ಜರ್ಮನಿಯಲ್ಲಿ ಹುಟ್ಟಿದ ಲೂಯಿಸ್ ರೈನರ್. ಅದಕ್ಕೆ ಆಸ್ಕರ್ ಕೂಡ ಬಂತು! ವಾಂಗ್‌ಗೆ ಉಳಿಸಿದ್ದು ಮನೆ ಮುರಿಯುವ ಎರಡನೆಯವಳ ಪಾತ್ರ. ಬೇಡ ಅಂದಳು. 1936ರಲ್ಲಿ ಚೀನಾಕ್ಕೆ ಹೋದರೆ ಅಲ್ಲೂ ಬೈಗುಳ, ಅಂಥ ಪಾತ್ರ ಮಾಡಿ ನಮ್ಮ ಮಾನ ಕಳೆದೆ ಅಂತ. ಕೊನೆಗೆ, 2022ರಲ್ಲಿ, ಅಮೆರಿಕದ ಒಂದು ಕಾಲು ಡಾಲರ್ ನಾಣ್ಯದ ಮೇಲೆ ಆಕೆಯ ಮುಖ ಬಂತು.

ಮ್ಯಾನೇಜರನ್ನು ಬೈದುಕೊಳ್ಳುತ್ತಿದ್ದವನಿಗೆ ಇನ್ನೊಂದು ನೆನಪಾಯಿತು. ಕೆಲಸಕ್ಕೆ ಸೇರಿದ ದಿನ ಊಟದ ಹೊತ್ತಿನಲ್ಲಿ ನಾನೇ ಅವಳನ್ನು ಕೇಳಿದ್ದೆ, "ಚೀನಾದಲ್ಲಿ ಯಾವ ಊರು?"

"ಫ್ರೆಸ್ನೋ, ಕ್ಯಾಲಿಫೋರ್ನಿಯಾ" ಅಂದಿದ್ದಳು.